ವಿಭೂತಿ ನೀರು ಮತ್ತು ಬೀದರಿನ ಸಂಪಿಗೆ

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ನಮ್ಮ ಹಳೆಯ ಮನೆಯ ಹಿತ್ತಲ ಗೋಡೆ ನನ್ನ ನೆನಪಿನಲ್ಲಿ ಕೋಟೆಯಷ್ಟು ಎತ್ತರವಿದೆ. ತಮ್ಮ ಬಸು, ಅದು ತನ್ನ ಎದೆಮಟ್ಟಕ್ಕೂ ಬರುತ್ತಿರಲಿಲ್ಲ ಎನ್ನುತ್ತಾನೆ. ಬಚ್ಚಲಿನಲ್ಲಿ ನೀರು ಕಾಯಿಸುವ ಬಂಬದ ಬೂದಿ ತುಂಬುತ್ತಿದ್ದದ್ದು ಬಿದಿರು ಬುಟ್ಟಿಗೆ ಎಂದು ನಾನು, ಕಿವಿ ಮುರಿದ ಎಣ್ಣೆ ಡಬ್ಬಕ್ಕೆ ಎಂದು ಅವನು. ದಿನಚರಿ ಬರೆಯುವ ಚಟ ನನಗೆ ಶಾಲೆಯ ದಿನಗಳಿಂದಲೂ ಇದೆ. ಆದರೆ ಆಗಿನ ದಿನಚರಿಗಳಲ್ಲಿ ಗೆಳತಿಯರ ಮೇಲಿನ ಮುನಿಸು ಬಿಟ್ಟರೆ ಬೇರೇನೂ ಇಲ್ಲ. ಹಿತ್ತಲಲ್ಲಿ ಒಂದು ಗಿಡ ಬದುಕಿತೋ ಸೊರಗಿತೋ ಎನ್ನುವುದು ಆ ಹುಡುಗಿಗೆ ಸುದ್ದಿಯೇ ಆಗಿರಲಿಲ್ಲ. ಈಗ ನನಗೆ ಅದೇ ದೊಡ್ಡ ಸುದ್ದಿ.

ಇಷ್ಟನ್ನೂ ಕೆದಕಿದ್ದು ಒಂದು ಎಲೆ. ನಾಸಿಕದ ನಮ್ಮ ಮನೆಯ ಬಾಲ್ಕನಿಯಲ್ಲಿ, ಕುಂಡದಲ್ಲಿ, ಒಂದು ಸಂಪಿಗೆ ಗಿಡವಿದೆ. ಹೋದ ಬೇಸಿಗೆಯಲ್ಲಿ ಅದರ ತುದಿಯಲ್ಲಿ ಬಂದ ಹೊಸ ಎಲೆ ನಿಂಬೆಹಣ್ಣಿನ ಬಣ್ಣಕ್ಕಿತ್ತು. ನರಗಳು ಮಾತ್ರ ಹಸಿರು. ಹಳದಿ ಬಟ್ಟೆಯ ಮೇಲೆ ಹಸಿರು ದಾರದಲ್ಲಿ ಕಸೂತಿ ಹಾಕಿದ ಹಾಗೆ. ನೋಡಲು ಚೆಂದವೇ. ಮಗಳು ರೇವಾ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು. ಆ ಹಳದಿಯನ್ನು ನಾನು ಮೊದಲೇ ನೋಡಿದ್ದೆ. ಆಮೇಲೆ ಎಲೆಯ ಅಂಚು ಕಂದಾಗುತ್ತದೆ, ಮುಂದಿನ ಚಿಗುರು ಇನ್ನೂ ಸಣ್ಣದಾಗಿ ಬರುತ್ತದೆ, ಅದರ ಮುಂದಿನದು ಬರುವುದೇ ಇಲ್ಲ.

ನರ್ಸರಿಗೆ ಹೋಗಿ ಇನ್ನೊಂದು ಗಿಡ ತರಬಹುದಲ್ಲ ಎಂದು ನೀವು ಕೇಳಬಹುದು. ಸಂಪಿಗೆಗೆ ಇಲ್ಲಿ ಸೋನಚಾಫಾ ಎನ್ನುತ್ತಾರೆ, ಅಷ್ಟು ಅಂದರೆ ಯಾವ ನರ್ಸರಿಯಲ್ಲೂ ಕೊಡುತ್ತಾರೆ, ಮೊಗ್ಗಿನ ಸಮೇತ. ಆದರೆ ಇದು ನಮ್ಮ ಆಯಿಯ ಗಿಡದ ಕೊನೆಯ ಕೊಂಬೆ. ಆಯಿ ಅಂದರೆ ಅಪ್ಪನ ತಾಯಿ. ಛತ್ರಪತಿ ಸಂಭಾಜಿನಗರದ ನಮ್ಮ ಮನೆಯ ಮೇಲೆ ಬಸು ಇನ್ನೊಂದು ಮಾಳಿಗೆ ಎತ್ತಿಸಿ, ಹಿತ್ತಲಲ್ಲಿ ಕಾರು ನಿಲ್ಲಿಸಲು ಜಾಗ ಮಾಡಿಸುವಾಗ ಹಳೆಯ ಸಂಪಿಗೆಯನ್ನು ಕಡಿಯಬೇಕಾಯಿತು. ಬಸು ಒರಟನಲ್ಲ. ಕಡಿಯುವ ಮೊದಲು ನಾಲ್ಕಾರು ಕೊಂಬೆಗಳ ಸಿಪ್ಪೆ ಕೆತ್ತಿಸಿ, ಪಾಚಿ ಸುತ್ತಿ, ಪ್ಲಾಸ್ಟಿಕ್ ಬಿಗಿದು, ಕೊಂಬೆಯಲ್ಲೇ ಬೇರು ಬರಲೆಂದು ಗೂಟಿ ಕಟ್ಟಿಸಿದ್ದ. ಬೇರು ಬಿಟ್ಟದ್ದು ಒಂದೇ ಒಂದು. ಅದನ್ನು ಕಾರಿನಲ್ಲಿ ತಂದು ನನ್ನ ಕೈಗಿಟ್ಟು, “ಅಕ್ಕಾ, ನಿಮ್ಮ ಬಾಲ್ಕನಿಗಿ ಬಿಸಿಲು ಛಲೋ ಬೀಳ್ತದ. ಅವ್ವಗ ತೋರಿಸೋ ತನಕಾರ ಇದನ್ನ ಸಾಯಿಸಬ್ಯಾಡ” ಎಂದಿದ್ದ. ಅವನೇ ಕಡಿಸಿದವನು, ಕೊಲ್ಲಬಾರದ ಜವಾಬ್ದಾರಿ ನನ್ನದು!

ಮೂಲ ಗಿಡ ಬಂದದ್ದು ಬೀದರಿನಿಂದ. ಅಪ್ಪ ಬ್ಯಾಂಕಿನಲ್ಲಿದ್ದ, ವರ್ಗವಾಗಿ ನಾವು ಆಗ ಔರಂಗಾಬಾದ್ ಎನ್ನುತ್ತಿದ್ದ ಸಂಭಾಜಿನಗರಕ್ಕೆ ಬಂದು, ಊರಂಚಿನ ಹೊಸ ಕಾಲೊನಿಯಲ್ಲಿ ಮನೆ ಮಾಡಿದೆವು. ಆಯಿ ಮೊದಲ ಸಲ ಬಂದಾಗ ಬಸ್ಸಿನಲ್ಲಿ ಇಡೀ ದಾರಿ ತೊಡೆಯ ಮೇಲೆ ಒಂದು ಸಸಿ ಇಟ್ಟುಕೊಂಡು ಬಂದಿದ್ದಳು. ಬೇರಿಗೆ ದೊಡ್ಡ ಕೆಂಪು ಮಣ್ಣಿನ ಉಂಡೆ. ಬೀದರಿನ ಮಣ್ಣು ನೋಡಿದವರಿಗೆ ಗೊತ್ತು, ಇಟ್ಟಿಗೆ ಪುಡಿ ಮಾಡಿದಷ್ಟು ಕೆಂಪು. ಆಯಿಯ ಬಿಳಿ ಸೀರೆಯ ತೊಡೆಯ ಮೇಲೆ ಅದರ ಕಲೆ ಕೊನೆಯವರೆಗೂ ಹೋಗಲಿಲ್ಲ. ಬಿಳಿ ಸೀರೆ ಎಂದು ನಾನು ಹೇಳುತ್ತಿದ್ದೇನೆ. ನನಗೆ ತಿಳಿದಂತೆ ಆಗ ಅಜ್ಜ ಬದುಕಿದ್ದ, ಆಯಿ ಬಣ್ಣದ ಇಳಕಲ್ ಸೀರೆ ಉಡುತ್ತಿದ್ದಳು. ಹಾಗಾದರೆ ಈ ಕಲೆಯನ್ನು ನಾನು ಎಲ್ಲಿ ನೋಡಿದೆ?

ನಮ್ಮ ಹಿತ್ತಲಿನ ಮಣ್ಣು ಮಾತ್ರ ಕಪ್ಪು. ಬೇಸಿಗೆಯಲ್ಲಿ ಬಿರುಕು ಬಿಟ್ಟು, ಬಿರುಕಿನೊಳಗೆ ನಮ್ಮ ಗೋಲಿಗಳು ಹೋಗಿ ಸೇರುತ್ತಿದ್ದವು. ಆ ಮಣ್ಣಿನಲ್ಲಿ ಕಡಲೆಕಾಳಿನಷ್ಟು, ಹುಣಸೆಬೀಜದಷ್ಟು ಬಿಳಿ ಹರಳುಗಳು ಸಿಗುತ್ತಿದ್ದವು. ನಮಗೆ ಅವು ಸೀಮೆಸುಣ್ಣ. ಮನೆಯ ಮುಂದಿನ ಕಲ್ಲುಹಾಸಿನ ಮೇಲೆ ಕುಂಟಾಬಿಲ್ಲೆಯ ಮನೆ ಬರೆಯಲು ಅವನ್ನೇ ಆರಿಸುತ್ತಿದ್ದೆವು. ಮಣ್ಣಿನೊಳಗೆ ತಾನಾಗಿಯೇ ಚಾಕ್‌ಪೀಸ್ ಬೆಳೆಯುವ ಊರಿಗೆ ಬಂದಿದ್ದೇವೆ ಎಂದು ನನಗೆ ಬಹಳ ಹೆಮ್ಮೆಯಿತ್ತು.

ಸಂಪಿಗೆ ಮೊದಲು ಚೆನ್ನಾಗಿಯೇ ಎದ್ದಿತು. ಆಮೇಲೆ, ಈಗ ಯೋಚಿಸಿದರೆ ಬೇರು ಕೆಂಪು ಉಂಡೆಯನ್ನು ದಾಟಿ ಕಪ್ಪು ಮಣ್ಣಿಗೆ ಇಳಿದ ಮೇಲೆ, ಹಳದಿ ಶುರುವಾಯಿತು. ಪಕ್ಕದ ಮನೆಯ ಮರಾಠಿ ಕಾಕೂ ಒಂದು ದಿನ ಗೋಡೆಯ ಆಚೆಯಿಂದ “ಕಿತೀ ಛಾನ್ ಪಾನಂ!” ಎಂದು ಎಲೆಗಳನ್ನು ಹೊಗಳಿದ್ದರಂತೆ. ಅಷ್ಟರಲ್ಲಿ ನಮ್ಮಲ್ಲೇ ಬಂದು ಉಳಿದಿದ್ದ ಆಯಿಗೆ ಅಷ್ಟು ಸಾಕಾಯಿತು.

“ದೃಷ್ಟಿ ಆಗ್ಯದ. ಆಕಿ ಕಣ್ಣು ಭಾಳ ಸುಮಾರದ,” ಎಂದು ಗಿಡಕ್ಕೆ ಕರಿದಾರ ಕಟ್ಟಿದಳು. ಅವ್ವನಿಗೆ ಆಜ್ಞೆಯಾಯಿತು. “ಶಾಂತಾ, ಪೂಜಿ ನೀರು ತುಳಿಯೋ ಜಾಗದಾಗ ಚೆಲ್ಲಬ್ಯಾಡ. ದಿನಾ ಸಂಪಿಗಿ ಬುಡಕ್ಕ ಹಾಕು. ಬಂಬದ ಬೂದಿನೂ ಅಲ್ಲೇ ಹಾಕು. ಎಲ್ಲಾ ಶಿವಂದೇ.”

“ಹೂಂನ್ರಿ ಅತ್ತಿ,” ಎಂದಳು ಅವ್ವ.

ನಮ್ಮ ಮನೆಯಲ್ಲಿ ದಿನವೂ ಲಿಂಗಪೂಜೆಯಿತ್ತು. ಆಯಿ, ಅಪ್ಪ, ಅವ್ವ ಮೂವರೂ ಒಬ್ಬರಾದ ಮೇಲೊಬ್ಬರು ಕುಳಿತು, ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಅದ್ದಿ ಹಣೆಗೆ, ತೋಳಿಗೆ ಹಚ್ಚಿ, ಲಿಂಗ ತೊಳೆದು, ತೀರ್ಥ ತೆಗೆದುಕೊಂಡು ಏಳುವ ಹೊತ್ತಿಗೆ ತಾಮ್ರದ ಚಂಬಿನಲ್ಲಿ ಹಾಲಿನಂಥ ನೀರು ಉಳಿದಿರುತ್ತಿತ್ತು. ಅಕ್ಕಪಕ್ಕದ ಮನೆಗಳಲ್ಲಿ ತುಳಸಿಗೆ ಸಿಗುವ ಮರ್ಯಾದೆ ನಮ್ಮಲ್ಲಿ ಸಂಪಿಗೆಗೆ. ದೀಪಾವಳಿಗೆ ಗೋಡೆಗೆ ಸುಣ್ಣ ಬಳಿದು ಬಕೆಟಿನಲ್ಲಿ ಉಳಿದದ್ದೂ ಅದರ ಬುಡಕ್ಕೇ. ಕಾಂಡಕ್ಕೊಂದು ಬಿಳಿ ಪಟ್ಟೆ. ಎಲೆ ಇನ್ನಷ್ಟು ಹಳದಿಯಾದರೆ ಇನ್ನಷ್ಟು ಬೂದಿ. ಗಿಡ ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಕಾಲೇಜಿಗೆ ಹೋಗುವ ಹೊತ್ತಿಗೆ ನಾನೇ ಅದಕ್ಕಿಂತ ಎತ್ತರವಾಗಿದ್ದೆ. ಹೂವಿನ ಮಾತಂತೂ ಎತ್ತುವ ಹಾಗಿರಲಿಲ್ಲ.

ಈಗಿನ ಎಲೆಗೆ ಬರುತ್ತೇನೆ. ಫೋಟೋವನ್ನು ನನ್ನ ಜೊತೆ ಕೆಲಸ ಮಾಡುವ ವೈಶಾಲಿಗೆ ತೋರಿಸಿದೆ. ಅವಳ ತವರು ದಿಂಡೋರಿ, ಅಲ್ಲಿ ಅವರದು ದ್ರಾಕ್ಷಿ ತೋಟ. ದ್ರಾಕ್ಷಿಯವರು ಎಲೆ ನೋಡುವ ರೀತಿಯೇ ಬೇರೆ. ನಾವು ಮಕ್ಕಳ ನಾಲಿಗೆ ನೋಡಿದ ಹಾಗೆ. ಅವಳ ಮರಾಠಿಯನ್ನು ಕನ್ನಡದಲ್ಲಿ ಹೇಳುತ್ತೇನೆ.

“ಅಗಂ, ಇದು ಕಬ್ಬಿಣದ ಕೊರತೆ.”

“ಹಾಗಾದರೆ ಮಣ್ಣಿಗೆ ಕಬ್ಬಿಣ ಹಾಕಲಾ?”

“ಮಣ್ಣಿನಲ್ಲಿ ಬೇಕಾದಷ್ಟಿದೆ. ಗಿಡಕ್ಕೆ ಸಿಗುತ್ತಿಲ್ಲ ಅಷ್ಟೇ. ನಿನ್ನ ಮಣ್ಣು ಚುನಖಡಿ, ಅಂದರೆ ಸುಣ್ಣದ ಮಣ್ಣು, ಇರಬೇಕು. ಒಂದು ಚಮಚ ಮಣ್ಣಿಗೆ ವಿನೆಗರ್ ಹಾಕಿ ನೋಡು. ಬುಸುಗುಟ್ಟಿದರೆ ಸುಣ್ಣ ಇದೆ ಎಂದೇ ಅರ್ಥ.”

ಮನೆಗೆ ಬಂದು ಹಾಕಿ ನೋಡಿದೆ. ಮಣ್ಣು ಬುಸುಗುಟ್ಟಿತು, ಸೋಡಾ ಬಾಟಲಿ ಬಿಚ್ಚಿದ ಹಾಗೆ. ಬಸು ಗಿಡದ ಜೊತೆಗೆ ಹಿತ್ತಲಿನ ಕಪ್ಪು ಮಣ್ಣನ್ನೂ ಪ್ರೀತಿಯಿಂದ ಚೀಲ ತುಂಬಿ ತಂದಿದ್ದ. ಕುಂಡಕ್ಕೆ ನಾನು ಹಾಕಿದ್ದು ಅದನ್ನೇ. ಅದರ ಮೇಲೆ ವರ್ಷವಿಡೀ ಬೋರ್‌ವೆಲ್‌ನ ಗಡಸು ನೀರು. ಮಣ್ಣಿನ ಪಿಎಚ್ ಏಳರ ಆಸುಪಾಸಿನಲ್ಲೋ ಸ್ವಲ್ಪ ಕೆಳಗೋ ಇದ್ದರೆ ಸಂಪಿಗೆಗೆ ಹಿತವಂತೆ. ಪಿಎಚ್ ನೋಡಲು ನಾನು ತಂದ ಕಾಗದದ ಪಟ್ಟಿ ಎಂಟನ್ನು ದಾಟಿದ ನೀಲಿ ತೋರಿಸಿತು. ಅಂಥ ಮಣ್ಣಿನಲ್ಲಿ ಕಬ್ಬಿಣ ಕರಗುವುದಿಲ್ಲ. ಬೇರಿನ ಪಕ್ಕದಲ್ಲೇ ಇರುತ್ತದೆ, ಬೇರಿಗೆ ಸಿಗುವುದಿಲ್ಲ. ರೇವಾಳ ಕನ್ನಡವೂ ಹೀಗೆಯೇ. ನಾವು ಆಡುವ ಒಂದೊಂದು ಮಾತೂ, ಬೈಗುಳವೂ ಸೇರಿ, ಅವಳಿಗೆ ಅರ್ಥವಾಗುತ್ತದೆ. ಬಾಯಿ ತೆರೆದರೆ ಬರುವುದು ಮರಾಠಿ. ಒಳಗೆ ಇದೆ, ಚಿಗುರಿಗೆ ಏರುವುದಿಲ್ಲ.

ಆ ದಿನ ಅವಳೇ ಪಕ್ಕದಲ್ಲಿ ನಿಂತಿದ್ದಳು. ಮಣ್ಣು ಬುಸುಗುಟ್ಟಿದ್ದು ನೋಡಿ ಅವಳಿಗೆ ಹುರುಪು ಬಂದು ಅಡುಗೆಮನೆಯಲ್ಲಿದ್ದುದನ್ನೆಲ್ಲ ವಿನೆಗರಿಗೆ ಹಾಕತೊಡಗಿದಳು. ಉಪ್ಪು ಸುಮ್ಮನಿತ್ತು. ರವೆ ಸುಮ್ಮನಿತ್ತು. ಆಮೇಲೆ ನಾನು ನೋಡನೋಡುತ್ತಲೇ ದೇವರ ಮಾಡಿನಿಂದ ವಿಭೂತಿಯ ಒಂದು ಚೂರು ತಂದು ಹಾಕಿದಳು.

“ಮಮ್ಮಿ, ಹೇ ಪಣ ಫಸಫಸತಂಯ!”

ಇದೂ ಬುಸುಗುಟ್ಟುತ್ತಿದೆ. ನಿಜ. ಬಟ್ಟಲಿನಲ್ಲಿ ಬಿಳಿ ನೊರೆ ಎದ್ದಿತ್ತು. ನಾನು ಎಂ.ಎ. ಮಾಡಿದವಳು, ಇಂಥದಕ್ಕೆಲ್ಲ ಬೆಚ್ಚುವವಳಲ್ಲ ಎಂದುಕೊಂಡಿದ್ದೆ. ಆದರೂ ಬಟ್ಟಲನ್ನು ಸಿಂಕಿಗೆ ಸುರಿಯಲು ಕೈ ಬರಲಿಲ್ಲ. ತುಳಿಯುವ ಜಾಗದಲ್ಲಿ ಚೆಲ್ಲಬಾರದಲ್ಲ! ಬಹಳ ಹೊತ್ತು ಕೈಯಲ್ಲಿ ಹಿಡಿದು ನಿಂತು, ಕೊನೆಗೆ ಬಾಲ್ಕನಿಯ ಲೋಳೆಸರದ ಕುಂಡಕ್ಕೆ ಹಾಕಿದೆ. ಅದಕ್ಕೆ ಏನು ಹಾಕಿದರೂ ನಡೆಯುತ್ತದೆ. ಆಗ ಹಿತ್ತಲಿನ ಚಿತ್ರವೆಲ್ಲ ಒಮ್ಮೆಗೇ ಕಣ್ಣಮುಂದೆ ನಿಂತಿತು. ಬೂದಿ, ಸುಣ್ಣ, ಚಂಬಿನ ಬಿಳಿ ನೀರು, ಮೂರೂ ಕ್ಷಾರವೇ. ನ್ಯಾಯವಾಗಿ ಹೇಳಬೇಕೆಂದರೆ ಆ ನೀರಿನಲ್ಲಿ ಇದ್ದ ವಿಭೂತಿ ಎಷ್ಟು? ಒಂದು ಚಿಟಿಕೆ. ಬುಟ್ಟಿಗಟ್ಟಲೆ ಬೂದಿ ಮಾಡಿದಷ್ಟು ಹಾನಿಯನ್ನು ಅದು ಮಾಡಿರಲಾರದು. ಆದರೂ ಆಯಿ ಕೊಟ್ಟ ಮದ್ದೇ ರೋಗವಾಗಿತ್ತು ಎನ್ನುವುದು ಆ ಬಟ್ಟಲಿನಲ್ಲಿ ಸ್ಪಷ್ಟವಾಗಿ ನೊರೆಯುತ್ತಿತ್ತು.

ವೈಶಾಲಿ ಹೇಳಿದಂತೆ ಮಾಡಿದೆ. ಕಪ್ಪು ಮಣ್ಣನ್ನು ಬೇರಿಗೆ ನೋವಾಗದಷ್ಟು ಉದುರಿಸಿ, ಕೆಂಪು ಮಣ್ಣು, ಕೊಳೆತ ಎಲೆಗೊಬ್ಬರ ತುಂಬಿ, ಸುಣ್ಣದ ಗುಣ ತಗ್ಗಲೆಂದು ಒಂದಿಷ್ಟು ಗಂಧಕ ಬೆರೆಸಿದೆ. ಗಂಧಕ ನಿಧಾನ, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಅಲ್ಲಿಯವರೆಗೆ ಜೀವ ಹಿಡಿಯಲಿ ಎಂದು ಕಬ್ಬಿಣದ ಲವಣವಾದ ಅನ್ನಭೇದಿಯನ್ನು ತೆಳ್ಳಗೆ ಕರಗಿಸಿ ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದೆ. ಮಳೆ ಬಂದಾಗ ಬಕೆಟು ಇಟ್ಟು ನೀರು ಹಿಡಿದೆ. ನಮ್ಮ ಸೊಸೈಟಿಯವರು ನಾಸಿಕಕ್ಕೂ ಟ್ಯಾಂಕರ್ ಬರುವ ಕಾಲ ಬಂತೇನೋ ಎಂದು ಗಾಬರಿಯಾದರು. “ಹಳೆ ಎಲೆ ನೋಡಬೇಡ, ಅವು ಹಸಿರಾಗುವುದಿಲ್ಲ. ಹೊಸ ಚಿಗುರು ನೋಡು,” ಎಂದಿದ್ದಳು ವೈಶಾಲಿ. ನಾನು ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಚಿಗುರು ನೋಡುತ್ತಿದ್ದೆ.

ಅದು ಇನ್ನೂ ಹಳದಿಯೋ ಹಸಿರೋ ಎಂದು ತೀರ್ಮಾನವಾಗದೆ ಇದ್ದಾಗ ಅವ್ವ ಬಂದಳು. ಬಸುವಿನ ಮನೆಯಿಂದ ನನ್ನಲ್ಲಿಗೆ ಶ್ರಾವಣಕ್ಕೆ ಬರುವುದು ಅವಳ ರೂಢಿ. ಚಪ್ಪಲಿ ಬಿಡುವ ಮೊದಲೇ “ಗಿಡ ಹ್ಯಾಂಗದಾ?” ಎಂದು ನೇರ ಬಾಲ್ಕನಿಗೆ ನಡೆದಳು. ಗಂಧಕದ ಪೊಟ್ಟಣ, ಸಿಂಪಡಿಸುವ ಬಾಟಲಿ, ಮಳೆನೀರಿನ ಬಕೆಟು ಎಲ್ಲವನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟಳು.

“ಗಿಡಕ್ಕ ಔಷಧ ಅಂಗಡಿ ಇಟ್ಟೀದಿ ಏನ ನೀಲಾ? ಇಷ್ಟ ಟಾನಿಕ್ ನಿನಗ ಕುಡಿಸಿದ್ರ ಪೈಲ್ವಾನ್ ಆಗತಿದ್ದಿ.”

ನಕ್ಕೆ. ಆದರೆ ಒಳಗೆ ಬೇರೆಯೇ ಚಿಂತೆ. ನಾಳೆ ಬೆಳಿಗ್ಗೆ ಅವ್ವ ಪೂಜೆ ಮಾಡುತ್ತಾಳೆ. ಪೂಜೆ ಮುಗಿಸಿ ಚಂಬು ಹಿಡಿದು ಬರುತ್ತಾಳೆ. ಬೇಡ ಎಂದು ಹೇಳುವುದು ಹೇಗೆ? ಚಿಟಿಕೆ ವಿಭೂತಿಯ ಲೆಕ್ಕ ಹೋಗಲಿ. ಒಮ್ಮೆ ಬಾಯಿ ಬಿಟ್ಟರೆ ಬೂದಿಯ ಮಾತೂ ಬರುತ್ತದೆ. ಇಷ್ಟು ವರ್ಷ ನೀನು ಕೈಯಾರೆ ಹಾಕಿದ್ದೇ ಆ ಗಿಡವನ್ನು ಕುಗ್ಗಿಸಿತು ಎಂದು ಹೇಳಿದ ಹಾಗಾಗುತ್ತದೆ. ಹೇಳದಿದ್ದರೆ, ಈಗಷ್ಟೇ ಉಸಿರಾಡುತ್ತಿರುವ ಗಿಡದ ಗತಿ?

ಹೇಡಿಯ ಉಪಾಯಗಳನ್ನೇ ಮಾಡಿದೆ. ಮೊದಲ ದಿನ ಚಂಬಿಗೆ ಕೈ ಚಾಚಿ, “ಕೊಡವ್ವಾ, ನಾ ಹಾಕ್ತೀನಿ,” ಎಂದೆ.

“ಯಾಕ, ನನ್ನ ಕೈ ಏನ್ ಬಿದ್ದಾವ?”

ಮರುದಿನ ಅವಳು ಏಳುವ ಮೊದಲೇ ಕುಂಡವನ್ನು ಎಳೆದು ವಾಷಿಂಗ್ ಮಷೀನಿನ ಹಿಂದೆ ಇಟ್ಟೆ. ಅವ್ವ ಹುಡುಕಿದಳು.

“ಇದ್ಯಾಕ ಇಲ್ಲಿ ಮೂಲ್ಯಾಗ ಕುಂತದ? ಮಾಸ್ತರ ಶಿಕ್ಷಾ ಕೊಟ್ಟಾರೇನು?”

“ಬಿಸಿಲು ಜಾಸ್ತಿ ಆಗ್ಲತ್ತಿತ್ತು ಅವ್ವಾ.”

“ಶ್ರಾವಣದಾಗ! ಸಂಪಿಗಿಗಿ ಬಿಸಿಲು ಜಾಸ್ತಿ! ಕೇಳ್ರೆಪಾ ಓದಿದೋರ ಮಾತ.” ಸೆರಗು ಸಿಕ್ಕಿಸಿ ತಾನೇ ಕುಂಡವನ್ನು ಮತ್ತೆ ಕಟ್ಟೆಯ ಬಳಿಗೆ ಎಳೆದಳು. ರೇವಾ ಬಾಗಿಲಲ್ಲಿ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಈ ಜಗಳ ಪೂರ್ತಿ ಕನ್ನಡದಲ್ಲೇ ನಡೆದರೂ ಒಂದಕ್ಷರವೂ ಅವಳಿಗೆ ತಪ್ಪಿರಲಿಲ್ಲ.

ಇಲ್ಲಿ ಒಂದು ಹೂವಿನ ಸಂಗತಿ ಹೇಳಬೇಕು. ಆಯಿ ಹಾಸಿಗೆ ಹಿಡಿದ ವರ್ಷದ್ದು. ಅವಳಿಗೆ ಹಿತ್ತಲವರೆಗೂ ನಡೆಯಲಾಗುತ್ತಿರಲಿಲ್ಲ. ಮಂಚದಿಂದಲೇ ದಿನವೂ ವಿಚಾರಣೆ ನಡೆಯುತ್ತಿತ್ತು.

“ಶಾಂತಾ, ಪೂಜಿ ನೀರು ಹಾಕ್ದಿ?”

“ಹಾಕ್ದೆರಿ ಅತ್ತಿ.”

“ಬೂದಿ?”

“ಅದೂ ಆತ್ರಿ.”

ಆ ಮಳೆಗಾಲದಲ್ಲಿ ಸಂಪಿಗೆ ಇದ್ದಕ್ಕಿದ್ದಂತೆ ಹಸಿರಾಯಿತು. ಕಡುಹಸಿರು. ಒಂದು ಹೂವೂ ಬಿಟ್ಟಿತು. ಅವ್ವ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಂದು ಆಯಿಯ ಮೂಗಿನ ಬಳಿ ಹಿಡಿದಳು. ಆಯಿ ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು. “ನೋಡಿದಿ? ವಿಭೂತಿ ಕೈ ಬಿಡಲಿಲ್ಲ,” ಎಂದಳು. ಚಳಿಗಾಲ ಬರುವ ಮೊದಲು ಹೋದಳು. ನಮ್ಮ ಮನೆಯಲ್ಲಿ ಇಂದಿಗೂ ಅದು ವಿಭೂತಿಯ ಹೂವು. ಅಪ್ಪ ಇರುವವರೆಗೆ ಬಂದವರಿಗೆಲ್ಲ ಆ ಕಥೆ ಹೇಳುತ್ತಿದ್ದ.

ಆದರೆ ಬಟ್ಟಲಿನ ನೊರೆ ನೋಡಿದ ಮೇಲೆ ನನಗೆ ಆ ಕಥೆ ಒಪ್ಪಿಗೆಯಾಗುತ್ತಿಲ್ಲ. ಬೂದಿ ಬೀಳುತ್ತಲೇ ಇದ್ದರೆ ಗಿಡ ಹಸಿರಾಗುವ ಮಾತೇ ಇಲ್ಲ. ಕೆದಕಿದಾಗ ಎರಡು ಚಿತ್ರ ಬರುತ್ತವೆ. ಒಂದರಲ್ಲಿ ನಾನು ನುಗ್ಗೆಕಾಯಿ ಆರಿಸಲು ಗೋಡೆಯ ಮೂಲೆಗೆ ಹೋಗಿದ್ದೇನೆ; ನುಗ್ಗೆ ಮರದ ಬುಡದಲ್ಲಿ ನನ್ನ ಕಾಲು ಮೆತ್ತನೆಯ ಬೂದಿಯಲ್ಲಿ ಹೂತು, ಹಿಮ್ಮಡಿ ಬೆಳ್ಳಗಾಗಿದೆ. ಇನ್ನೊಂದರಲ್ಲಿ ಅವ್ವ ಒಗೆಯುವ ಕಲ್ಲು ಬಿಟ್ಟು ಸಂಪಿಗೆಯ ಬುಡದಲ್ಲಿ ಕುಳಿತು, ಪೂಜೆಯ ಚಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಾಳೆ, ಸುಣ್ಣವನ್ನು ಮುರಿಯುವ ಹುಳಿನೀರು ಬುಡಕ್ಕೆ ಇಳಿಯುತ್ತಿದೆ. ಇವು ಆ ವರ್ಷದವೇ? ಆಣೆ ಮಾಡಿ ಹೇಳಲಾರೆ. ಬಸುವನ್ನು ಕೇಳಿದರೆ, “ನುಗ್ಗಿ ಗಿಡ ನಮ್ದಲ್ಲ ಅಕ್ಕಾ, ಕಾಕೂದು. ಟೊಂಗಿ ಅಷ್ಟ ನಮ್ಮ ಕಡೀಗಿ ಬಂದಿತ್ತು,” ಎನ್ನುತ್ತಾನೆ. ಹಾಗಾದರೆ ಅದರ ಬುಡದ ಬೂದಿ? ನನಗೆ ಬೇಕಾದ ಸಾಕ್ಷಿಯನ್ನು ನಾನೇ ತಯಾರು ಮಾಡಿಕೊಂಡೆನೋ ಏನೋ. ಆ ವರ್ಷ ಮಳೆಯೇ ಚೆನ್ನಾಗಿ ಬಂದಿರಬಹುದು.

ಅವ್ವ ಬಂದ ಮೂರನೆಯ ದಿನವೋ ನಾಲ್ಕನೆಯದೋ. ಕುಂಡ ಮುಚ್ಚಿಡುವ ಉಪಾಯಗಳು ಮುಗಿದಿದ್ದವು; ಅಷ್ಟು ದಿನ ಅವಳು ನೀರನ್ನು ಎಲ್ಲಿ ಹಾಕಿದಳೆಂದು ನೋಡುವ ಧೈರ್ಯವೂ ನನಗಾಗಿರಲಿಲ್ಲ. ಹೋಗಲಿ, ಹಾಕಿದರೆ ಹಾಕಲಿ, ಆಮೇಲೆ ಮೇಲಿನ ಮಣ್ಣು ತೆಗೆದರಾಯಿತು ಎಂದು ಮಲಗುವ ಕೋಣೆಯ ಕಿಟಕಿಯಿಂದ ನೋಡುತ್ತ ನಿಂತೆ. ಪೂಜೆ ಮುಗಿಸಿ ಅವ್ವ ಬಂದಳು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಸಂಪಿಗೆಯ ಮುಂದೆ ನಿಂತು ಹೊಸ ಚಿಗುರನ್ನು ಬೆರಳಿನಿಂದ ಎತ್ತಿ ನೋಡಿದಳು. ಆಮೇಲೆ ಎರಡು ಹೆಜ್ಜೆ ಮುಂದೆ ಹೋಗಿ ಚಂಬಿನ ನೀರನ್ನೆಲ್ಲ ನಿಧಾನವಾಗಿ ಲೋಳೆಸರಕ್ಕೆ ಹಾಕಿದಳು.

ನಾನು ಹೇಳಿರಲಿಲ್ಲ. ರೇವಾಳೂ ಹೇಳಿರಲಿಲ್ಲ, ಕೇಳಿ ಖಚಿತ ಮಾಡಿಕೊಂಡಿದ್ದೇನೆ.

ಅವ್ವ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತಳು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನಿಂದ ಒಂದು ಚೂರು ಹುಣಸೆಹಣ್ಣು ತೆಗೆದು ಚಂಬನ್ನು ತಿಕ್ಕಿ, ಬಕೆಟಿನ ಮಳೆನೀರಿನಲ್ಲಿ ಜಾಲಿಸಿ, ಆ ಕೆಂಪು ನೀರನ್ನು ಸಂಪಿಗೆಯ ಬುಡಕ್ಕೆ ಸುತ್ತಲೂ ಹಾಕಿದಳು. ಕೈಗೆ ಎಂದಿನಿಂದಲೋ ಗೊತ್ತಿದ್ದ ಕೆಲಸದ ಹಾಗೆ.

ಬಾಲ್ಕನಿಗೆ ಹೋದೆ. ಕೇಳಬೇಕೋ ಬೇಡವೋ ತಿಳಿಯಲಿಲ್ಲ. ಆ ವರ್ಷ ಬೂದಿಯನ್ನು ಸಂಪಿಗೆಗೇ ಹಾಕಿದೆ ಎಂದು ಅವ್ವ ಹೇಳಿದರೆ ನನ್ನ ವಿನೆಗರಿನ ವಿದ್ಯೆಯೆಲ್ಲ ನೀರಿನಲ್ಲಿ ಹೋಯಿತು. ನುಗ್ಗೆಗೆ ಹಾಕಿದೆ ಎಂದರೆ, ಆಯಿ ಕಣ್ಣು ಮುಚ್ಚಿ ಮೂಸಿದ ಆ ಹೂವು ಅತ್ತೆಯ ಮಾತು ಮೀರಿದ ಸೊಸೆಯದು. “ಹಾಕ್ದೆರಿ ಅತ್ತಿ” ಎಂದು ದಿನವೂ ಹೇಳಿದ ಅವ್ವ, ಎಲ್ಲಿ ಹಾಕಿದೆ ಎಂದು ಹೇಳದೆ ಇಷ್ಟು ವರ್ಷ ಆ ಹೊಗಳಿಕೆಯನ್ನು ವಿಭೂತಿಗೆ ಬಿಟ್ಟುಕೊಟ್ಟವಳು. ಲಿಂಗ ಎದೆಯ ಮೇಲಿರುವ ಹೆಂಗಸಿಗೆ ಅದನ್ನು ಬಾಯಿ ಬಿಟ್ಟು ಹೇಳು ಎನ್ನುವುದು ಸಣ್ಣ ಮಾತಲ್ಲ.

ಆದರೂ ಕೇಳಿದೆ.

“ಅವ್ವಾ, ಆಯಿ ಮಲಗಿದ್ದ ವರ್ಷ, ಹಿತ್ತಲದಾಗ ನೀರು, ಬೂದಿ ಎಲ್ಲಾ ನೀ ಸಂಪಿಗಿಗೇ ಹಾಕ್ತಿದ್ದ್ಯಾ? ಇಲ್ಲಾ ನುಗ್ಗಿ ಗಿಡಕ್ಕ?”

ಅವ್ವ ಚಂಬನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಎಲ್ಲಿಯೂ ಕಲೆ ಇರಲಿಲ್ಲ. ಅದನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

“ಗ್ಯಾಸಿನ ಮ್ಯಾಲ ಹಾಲು ಇಟ್ಟೀನಿ, ಉಕ್ಕತದ. ಹೋಗಿ ನೋಡು.”

ಓಡಿದೆ. ಗ್ಯಾಸಿನ ಮೇಲೆ ಏನೂ ಇರಲಿಲ್ಲ.